ಅವಳ ಹೆಸರಲ್ಲಿ ಮೂವತ್ತೆಂಟು ಪುಸ್ತಕ

ನನ್ನ ಲೈಬ್ರರಿಯಿಂದ ಇಪ್ಪತ್ತೈದು ವರ್ಷಗಳಲ್ಲಿ ಒಂದೇ ಒಂದು ಪುಸ್ತಕವೂ ಕಳೆದಿಲ್ಲ. ಈ ಮಾತನ್ನು ಎಷ್ಟು ಜನರ ಮುಂದೆ ಎದೆಯುಬ್ಬಿಸಿ ಹೇಳಿದ್ದೇನೋ ನನಗೇ ನೆನಪಿಲ್ಲ. ಶಾಲೆಗೆ ಹೊಸ ಮಾಸ್ತರರು ಬಂದರೆ ಹೇಳುತ್ತಿದ್ದೆ, ಫ್ಯಾನು ರಿಪೇರಿಗೆ ಬಂದವನಿಗೂ ಹೇಳುತ್ತಿದ್ದೆ. ಮನೆಯಲ್ಲಿ ಹೇಳಿದಾಗ ಮಾತ್ರ ನನ್ನ ಹೆಂಡತಿ, "ಯಾರಿಗಾದ್ರೂ ಕೊಟ್ಟಿದ್ರೆ ತಾನೇ ರೀ ಕಳೆಯೋದು?" ಎಂದು ಕೇಳಿ ಒಳಗೆ ಹೋಗಿಬಿಡುತ್ತಿದ್ದಳು. ಇವಳಿಗೇನು ಗೊತ್ತು ನನ್ನ ಕೆಲಸ ಎಂದುಕೊಳ್ಳುತ್ತಿದ್ದೆ.

ಹೈಸ್ಕೂಲಿನ ಮೇಲಿನ ಮಹಡಿಯಲ್ಲಿ, ಮೆಟ್ಟಿಲು ಮುಗಿದ ಕೂಡಲೇ ಸಿಗುವ ಉದ್ದನೆಯ ಕೋಣೆ ನನ್ನದು. ಒಳಗೆ ಆರು ಗಾಜಿನ ಬೀರು, ಎರಡು ಬೆಂಚು, ಒಂದು ಮೇಜು. ಆರು ಬೀರುಗಳಿಗೂ ಬೀಗ, ಆರು ಬೀಗದಕೈಗಳೂ ನನ್ನ ಸೊಂಟದಲ್ಲಿ. ನಾನು ನಡೆದರೆ ಗೊಂಚಲು ಸದ್ದಾಗುತ್ತಿತ್ತು, ಆ ಸದ್ದು ಕೇಳಿದ ಕೂಡಲೇ ಮಕ್ಕಳು "ಬೀಗ ಬಂತು, ಬೀಗ ಬಂತು" ಎಂದು ಚದುರುತ್ತಿದ್ದರು. ನನಗೆ ಬೇಜಾರೇನೂ ಇರಲಿಲ್ಲ. ನಿಜ ಹೇಳಬೇಕೆಂದರೆ ಒಳಗೊಳಗೇ ಖುಷಿಯಾಗುತ್ತಿತ್ತು.

ನಾನು ಹುಟ್ಟುತ್ತಲೇ ಬೀಗವಾಗಿರಲಿಲ್ಲ. ಕೆಲಸಕ್ಕೆ ಸೇರಿದ ಮೊದಲ ವರ್ಷ ಕೇಳಿದವರಿಗೆಲ್ಲ ಪುಸ್ತಕ ಕೊಟ್ಟೆ, ವರ್ಷದ ಕೊನೆಗೆ ಏಳು ಪುಸ್ತಕ ವಾಪಸು ಬರಲಿಲ್ಲ. ಆಗಿನ ಹೆಡ್‌ಮಾಸ್ತರರು ಸ್ಟಾಫ್ ರೂಮಿನಲ್ಲಿ ಎಲ್ಲರೂ ಟೀ ಕುಡಿಯುತ್ತಿದ್ದ ಹೊತ್ತಿಗೆ ನನ್ನನ್ನು ನಿಲ್ಲಿಸಿ, "ನಿಮ್ಮನ್ನ ಇಟ್ಕೊಂಡಿರೋದು ಪುಸ್ತಕ ಕಾಯೋಕೆ ಕಣ್ರೀ, ಹಂಚೋಕಲ್ಲ" ಅಂದರು. ಯಾರೋ ಕಿಸಕ್ಕೆಂದು ನಕ್ಕರು. ಆ ನಗು ಮೈಗೆ ಅಂಟಿಕೊಂಡುಬಿಟ್ಟಿತು. ಮರುದಿನವೇ ಹೋಗಿ ಆರು ಬೀಗ ತಂದೆ. ನನ್ನ ಇಪ್ಪತ್ತೈದು ವರ್ಷದ ಲೆಕ್ಕ ಶುರುವಾಗುವುದು ಅಲ್ಲಿಂದ.

ಆಮೇಲೆ ಪುಸ್ತಕ ಕೊಡುವುದಿಲ್ಲ ಎಂದು ನಾನು ಒಮ್ಮೆಯೂ ಹೇಳಿಲ್ಲ. ಅಷ್ಟು ದಡ್ಡ ನಾನಲ್ಲ. ಬೇಕಾದವರು ಒಂದು ಫಾರಂ ತುಂಬಬೇಕು, ಅದಕ್ಕೆ ಮನೆಯವರ ಸಹಿ ಬೇಕು, ಕ್ಲಾಸ್ ಟೀಚರ್ ಸಹಿ ಬೇಕು, ಎರಡೂ ಕೈ ತೊಳೆದು ತೋರಿಸಬೇಕು. ಪುಸ್ತಕ ಕೊಡುವುದು ಗುರುವಾರ ಮಾತ್ರ, ಅದೂ ಶಾಲೆ ಬಿಟ್ಟ ಮೇಲೆ ಹದಿನೈದು ನಿಮಿಷ. ಶಾಲೆ ಬಿಟ್ಟ ಹತ್ತು ನಿಮಿಷಕ್ಕೆ ಬಸ್ಸು ಹೊರಡುತ್ತಿತ್ತು. ಮಕ್ಕಳು ಒಂದು ಸಲ ಬಂದರು, ಎರಡು ಸಲ ಬಂದರು, ಆಮೇಲೆ ಬರುವುದನ್ನೇ ಬಿಟ್ಟರು. ಈಗಿನ ಮಕ್ಕಳಿಗೆ ಓದುವ ಆಸೆಯೇ ಇಲ್ಲ ಎಂದು ನಾನೇ ಎಲ್ಲರಿಗಿಂತ ಜೋರಾಗಿ ಹೇಳಿಕೊಂಡು ಓಡಾಡುತ್ತಿದ್ದೆ.

ಒಬ್ಬಳು ಮಾತ್ರ ಬರುತ್ತಿದ್ದಳು. ಒಂಬತ್ತನೇ ತರಗತಿಯ ಹುಡುಗಿ. ಮೆಲ್ಲಗೆ ಮಾತಾಡುತ್ತಾಳೆಂದು ಗೆಳತಿಯರು ಇಟ್ಟ ಹೆಸರು ಪಿಸುಪಿಸು. ಊಟದ ಬಿಡುವಿನಲ್ಲಿ ದಿನಾ ಬಂದು ಮೂರನೇ ಬೀರುವಿನ ಗಾಜಿನ ಮುಂದೆ ನಿಲ್ಲುತ್ತಿದ್ದಳು. ಏನನ್ನೂ ಕೇಳುತ್ತಿರಲಿಲ್ಲ. ತುಟಿ ಮಾತ್ರ ಅಲ್ಲಾಡುತ್ತಿತ್ತು, ಆಗಾಗ ತಲೆ ಒಂದು ಕಡೆ ವಾಲಿಸುತ್ತಿದ್ದಳು. ಗಾಜಿನಲ್ಲಿ ಮುಖ ನೋಡಿಕೊಳ್ಳುತ್ತಿದ್ದಾಳೆ ಎಂದು ನಾನು ತೀರ್ಮಾನ ಮಾಡಿದ್ದೆ. "ಯಾಕಮ್ಮ, ಮನೇಲಿ ಕನ್ನಡಿ ಇಲ್ವಾ?" ಎಂದು ಒಂದು ಸಲ ಕೇಳಿದ್ದೆ ಕೂಡ. ಅವಳು ಮುಖ ಕೆಂಪಾಗಿ ಕೆಳಗಿಳಿದು ಹೋದಳು, ಮರುದಿನ ಮತ್ತೆ ಬಂದಳು.

ಈ ವರ್ಷ ಹೊಸ ಹೆಡ್‌ಮಿಸ್ ಬಂದರು. ವಯಸ್ಸಿನಲ್ಲಿ ನನ್ನ ತಂಗಿಯಷ್ಟಿರಬಹುದು. ಬಂದ ತಿಂಗಳಲ್ಲೇ ಮಹಡಿ ಹತ್ತಿ ಬಂದು ಆರು ಬೀಗಗಳನ್ನೂ ಒಂದೊಂದಾಗಿ ನೋಡಿ, "ಸರ್, ಮುಂದಿನ ತಿಂಗಳು ಓದುವ ತಿಂಗಳು ಅಂತ ಮಾಡ್ತಿದ್ದೀನಿ. ಯಾವ ಮಗು ಎಷ್ಟು ಪುಸ್ತಕ ಓದ್ತು ಅಂತ ಕೆಳಗೆ ದೊಡ್ಡ ಚಾರ್ಟ್ ಹಾಕೋಣ. ಪುಸ್ತಕ ಹರಿದ್ರೂ ಪರವಾಗಿಲ್ಲ, ಮಕ್ಕಳ ಕೈಗೆ ಸಿಗ್ಲಿ" ಅಂದರು.

ಹರಿದರೂ ಪರವಾಗಿಲ್ಲವಂತೆ! ನನಗೆ ಮೈಯೆಲ್ಲ ಉರಿಯಿತು. ಬಾಯಲ್ಲಿ "ಆಯ್ತು ಮೇಡಂ" ಅಂದೆ. ಬೀಗ ತೆಗೆಯಲಿಲ್ಲ, ಫಾರಂ ಬಿಡಲಿಲ್ಲ. ತಿಂಗಳು ಅರ್ಧವಾಗುವ ಹೊತ್ತಿಗೆ ಹೊರಗೆ ಹೋದ ಪುಸ್ತಕ ನಾಲ್ಕು. ಮೇಡಂ ಮತ್ತೆ ಬಂದರು. "ಎಷ್ಟಾಯ್ತು ಸರ್?" ಎಂದು ಕೇಳಿದರು. "ಆಗ್ತಾ ಇದೆ ಮೇಡಂ, ಇನ್ನೂ ಸರಿಯಾಗಿ ಬರ್ಕೊಂಡಿಲ್ಲ" ಎಂದು ಜಾರಿಕೊಂಡೆ. ಅವರು ಹೋಗುವಾಗ ಬಾಗಿಲಲ್ಲಿ ನಿಂತು, "ನಿಮಗೆ ಕಷ್ಟ ಆದ್ರೆ ಹೇಳಿ. ಬೀಗದಕೈ ಡ್ರಾಯಿಂಗ್ ಮೇಡಂಗೆ ಕೊಡೋಣ, ಅವರು ನೋಡ್ಕೋತಾರೆ" ಅಂದರು. ಒಳ್ಳೆಯ ದನಿಯಲ್ಲೇ ಹೇಳಿದ್ದು. ನನಗೆ ಮಾತ್ರ ಆ ಹಳೇ ಕಿಸಕ್ ನಗು ಮತ್ತೆ ಕೇಳಿಸಿತು.

ಮರುದಿನದಿಂದ ನಾನು ಮಾಡಿದ್ದನ್ನು ಬರೆಯುವಾಗ ಕೈ ತಡೆಯುತ್ತದೆ, ಆದರೂ ಬರೆಯುತ್ತೇನೆ. ನಮ್ಮಲ್ಲಿ ಪ್ರತಿ ಪುಸ್ತಕದ ಹಿಂದೆ ಒಂದು ಸಣ್ಣ ಜೇಬು, ಅದರಲ್ಲಿ ಒಂದು ಕಾರ್ಡು. ಪುಸ್ತಕ ತೆಗೆದುಕೊಳ್ಳುವ ಮಗು ಆ ಕಾರ್ಡಿನ ಮೇಲೆ ಹೆಸರು, ತರಗತಿ ಬರೆದು ಸಹಿ ಹಾಕಬೇಕು. ನಾನು ತಾರೀಖಿನ ಠಸ್ಸೆ ಒತ್ತಿ ರಿಜಿಸ್ಟರಿನಲ್ಲಿ ಏರಿಸಬೇಕು. ವಾಪಸು ಬಂದಾಗ ರಿಜಿಸ್ಟರಿನಲ್ಲಿ ಇನ್ನೊಂದು ಠಸ್ಸೆ. ಬೆಳಿಗ್ಗೆ ಮೊದಲ ಪಿರಿಯಡ್ಡಿನಲ್ಲಿ ಯಾರೂ ಮಹಡಿಗೆ ಬರುವುದಿಲ್ಲ. ಆ ಹೊತ್ತಿನಲ್ಲಿ ಬಾಗಿಲು ಮುಂದೆ ಮಾಡಿ ಮೂರು ಪೆನ್ನು ಇಟ್ಟುಕೊಂಡು ಕುಳಿತೆ. ಅಕ್ಷರವನ್ನು ಒಮ್ಮೆ ಎಡಕ್ಕೆ ವಾಲಿಸಿ, ಒಮ್ಮೆ ಬಲಕ್ಕೆ ವಾಲಿಸಿ, ಒಮ್ಮೆ ದಪ್ಪ ಮಾಡಿ ಬರೆದೆ. ಕೊಟ್ಟದ್ದೂ ನಾನೇ, ತೆಗೆದುಕೊಂಡದ್ದೂ ನಾನೇ, ವಾಪಸು ತಂದದ್ದೂ ನಾನೇ. ಹತ್ತು ದಿನದಲ್ಲಿ ಇನ್ನೂರ ಹನ್ನೊಂದು ಪುಸ್ತಕ ಬೀರುವಿನಿಂದ ಅಲ್ಲಾಡದೆ ಊರೆಲ್ಲ ಸುತ್ತಿ ಬಂದವು.

ಅದರಲ್ಲಿ ಮೂರನೇ ಬೀರುವಿನ ಮೂವತ್ತೆಂಟನ್ನು ಪಿಸುಪಿಸುವಿನ ಹೆಸರಿಗೆ ಬರೆದೆ. ಯಾಕೆಂದರೆ ಅವಳು ದಿನಾ ಇಲ್ಲಿಗೆ ಬರುವುದನ್ನು ಎಲ್ಲರೂ ನೋಡಿದ್ದರು. ಯಾರೂ ಸಂಶಯಪಡುವುದಿಲ್ಲ, ಅವಳೂ ಬಾಯಿ ಬಿಡುವವಳಲ್ಲ.

ಚಾರ್ಟು ಗೋಡೆಗೇರಿದ ದಿನ ಅವಳು ಗಾಜಿನ ಮುಂದೆ ನಿಲ್ಲದೆ ನೇರ ನನ್ನ ಮೇಜಿನ ಹತ್ತಿರ ಬಂದಳು. "ಸರ್, ಕೆಳಗೆ ನನ್ನ ಹೆಸರಿನ ಮುಂದೆ ಮೂವತ್ತೆಂಟು ಅಂತ ಇದೆ. ನಾನು ಒಂದೂ ತಗೊಂಡಿಲ್ಲ ಸರ್."

"ಗೊತ್ತು. ನಿನಗೇನಮ್ಮ ನಷ್ಟ? ಒಳ್ಳೇ ಹೆಸರು ತಾನೇ ಬರೋದು?"

"ಯಾರಾದ್ರೂ ಕೇಳಿದ್ರೆ ಏನು ಹೇಳ್ಲಿ ಸರ್?"

"ಏನೂ ಹೇಳಬೇಡ. ಬಾಯಿ ಬಿಟ್ಟೆ ಅಂದ್ರೆ ನಾಳೆಯಿಂದ ಈ ಕೋಣೆಯೊಳಗೆ ಕಾಲಿಡೋ ಹಾಗಿಲ್ಲ, ತಿಳೀತಾ?"

ಅವಳು ಒಂದು ಕ್ಷಣ ಮೂರನೇ ಬೀರುವಿನ ಕಡೆ ನೋಡಿದಳು. ಆಮೇಲೆ ತಲೆಯಾಡಿಸಿ ಹೋದಳು. ಹದಿನಾಲ್ಕು ವರ್ಷದ ಮಗುವನ್ನು ಹೆದರಿಸಿ ಕಳಿಸಿದ ನಾನು ಡಬ್ಬಿ ಬಿಚ್ಚಿ ನೆಮ್ಮದಿಯಾಗಿ ಊಟ ಮಾಡಿದೆ.

ತಿಂಗಳ ಕೊನೆಯ ಶನಿವಾರ ಸಭೆ. ಇಲಾಖೆಯಿಂದ ಅಧಿಕಾರಿಯೊಬ್ಬರು ಬಂದಿದ್ದರು, ಮಕ್ಕಳ ತಂದೆತಾಯಂದಿರೂ ಬಂದಿದ್ದರು. ಇಡೀ ಶಾಲೆಯಲ್ಲಿ ಅತಿ ಹೆಚ್ಚು ಓದಿದವಳು ಎಂದು ಅವಳನ್ನು ವೇದಿಕೆಗೆ ಕರೆದರು. ಪ್ರಮಾಣಪತ್ರ ಕೊಟ್ಟು ಕಳಿಸುತ್ತಾರೆ, ಮುಗಿಯಿತು ಅಂದುಕೊಂಡಿದ್ದೆ. ಅಧಿಕಾರಿ ಮೈಕು ಅವಳ ಮುಂದೆ ಹಿಡಿದು, "ಮೂವತ್ತೆಂಟರಲ್ಲಿ ನಿನಗೆ ತುಂಬಾ ಇಷ್ಟವಾದದ್ದು ಯಾವುದು ಪುಟ್ಟಿ? ನಮಗೂ ಸ್ವಲ್ಪ ಹೇಳು" ಅಂದುಬಿಟ್ಟರು.

ಅವಳು ಜನರ ನಡುವೆ ನನ್ನನ್ನು ಹುಡುಕಿ ಒಂದು ಸಲ ನೋಡಿದಳು. ಆಮೇಲೆ, "ಹೊಳೆಯಾಚೆಯ ಗಡಿಯಾರ" ಅಂದಳು.

ಮೂರನೇ ಬೀರು, ಎರಡನೇ ಸಾಲು, ಹಸಿರು ರಟ್ಟು. ಎಲ್ಲಿದೆ ಎಂದು ನನಗೆ ಗೊತ್ತಿತ್ತು. ಒಳಗೇನಿದೆ ಎಂದು ಗೊತ್ತಿರಲಿಲ್ಲ. ಅವಳು ಮೆಲ್ಲಗೆ ಹೇಳತೊಡಗಿದಳು. ಒಂದು ಊರಿನಲ್ಲಿ ಇದ್ದದ್ದು ಒಂದೇ ಗಡಿಯಾರ, ಅದೂ ಹೊಳೆಯ ಆಚೆ ದಡದಲ್ಲಿ. ಈಚೆಯವರು ಹೊತ್ತು ನೋಡಬೇಕೆಂದರೆ ನೀರಿನ ಅಂಚಿಗೆ ಬಂದು ಕಣ್ಣು ಕಿರಿದು ಮಾಡಿ ನೋಡಬೇಕು. ಮಂಜು ಬಿದ್ದ ದಿನ ಎಲ್ಲರೂ ಎಲ್ಲದಕ್ಕೂ ತಡ. ಅಲ್ಲೊಬ್ಬಳು ಅಜ್ಜಿ, ಕಣ್ಣು ಮಂಜಾದವಳು, ಮುಳ್ಳು ಕಾಣದಿದ್ದರೂ ದಿನಾ ಬಂದು ದಡದಲ್ಲಿ ನಿಲ್ಲುತ್ತಾಳೆ. ಯಾಕೆ ಎಂದು ಕೇಳಿದರೆ, ಹೊತ್ತು ಅಲ್ಲೇ ಇದೆ ಅಂತ ಗೊತ್ತಾದರೆ ಸಾಕು ಅನ್ನುತ್ತಾಳೆ. ಮೂರನೇ ಸಾಲಿನಲ್ಲಿ ಕುಳಿತಿದ್ದ ಒಬ್ಬ ಹೆಂಗಸು ಸೆರಗಿನಿಂದ ಕಣ್ಣೊರೆಸಿಕೊಂಡಳು. ಚಪ್ಪಾಳೆ ಬಿತ್ತು. ನಾನೂ ತಟ್ಟಿದೆ. ಅದು ನಿಜವಾಗಿ ಆ ಪುಸ್ತಕದ ಕಥೆಯೋ ಅಲ್ಲವೋ ಎಂದು ಹೇಳಬಲ್ಲವರು ಅಲ್ಲಿ ಯಾರೂ ಇರಲಿಲ್ಲ, ಇಪ್ಪತ್ತೈದು ವರ್ಷ ಅದನ್ನು ಕಾದ ನಾನೂ ಸೇರಿ.

ಸೋಮವಾರ ಬೆಳಿಗ್ಗೆ, ಕಣ್ಣೊರೆಸಿಕೊಂಡಿದ್ದ ಅದೇ ಹೆಂಗಸು ಮಗಳ ರೆಟ್ಟೆ ಹಿಡಿದು ಮಹಡಿ ಹತ್ತಿ ಬಂದಳು. ಪಿಸುಪಿಸುವಿನ ತಾಯಿ. ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಹಾಸಿಗೆ ಬಟ್ಟೆ ಇಸ್ತ್ರಿ ಮಾಡಿ ಮಡಚುವ ಕೆಲಸ ಅವಳದು. ಬೆರಳ ತುದಿಗಳೆಲ್ಲ ಬಿಳಿಚಿ ಸುಲಿದಿದ್ದವು. ಹುಡುಗಿಯ ಎಡಗೆನ್ನೆ ಊದಿತ್ತು.

"ಸರ್, ನೀವೇ ಹೇಳಿ. ಮೂವತ್ತೆಂಟು ಪುಸ್ತಕ ತಗೊಂಡಿದ್ದಾಳೆ ಅಂತ ಎಲ್ಲರ ಮುಂದೆ ಹೇಳಿದ್ರು. ನಮ್ಮ ಮನೆಗೆ ಒಂದೂ ಬಂದಿಲ್ಲ. ಇರೋದು ಒಂದೇ ಕೋಣೆ, ಪೆಟ್ಟಿಗೆಯೆಲ್ಲ ಸುರಿದು ಹುಡುಕಿದೆ. ಎಲ್ಲಿಟ್ಟೆ ಅಂದ್ರೆ ಬಾಯಿ ಬಿಡಲ್ಲ. ಕಳೆದ್ಲೋ, ಯಾರಿಗಾದ್ರೂ ಮಾರಿದ್ಲೋ ದೇವರಿಗೇ ಗೊತ್ತು. ಕೋಪ ಬಂದು ಹೊಡೆದೂ ಬಿಟ್ಟೆ. ಇನ್ನೊಬ್ಬರ ಒಂದು ಸೂಜಿ ಮುಟ್ಟಿದವರಲ್ಲ ಸರ್ ನಾವು."

ಅಲ್ಲೇ ಹೇಳಿಬಿಡಬೇಕಿತ್ತು. ನಾನು ರಿಜಿಸ್ಟರು ತೆರೆದೆ. "ಗಾಬರಿ ಆಗಬೇಡಿ ಅಮ್ಮ. ಎಲ್ಲ ವಾಪಸ್ ಬಂದಿದೆ, ನೋಡಿ ಠಸ್ಸೆ. ಇಲ್ಲೇ ಕೂತು ಓದಿ ಇಟ್ಟು ಹೋಗ್ತಿದ್ಲು." ನಾಲಿಗೆ ಎಷ್ಟು ಸಲೀಸಾಗಿ ಹೊರಳಿತೆಂದರೆ ನನಗೇ ಆಶ್ಚರ್ಯವಾಯಿತು.

ತಾಯಿಯ ಮುಖ ಹಗುರಾಯಿತು. ಮಗಳ ಕಡೆ ತಿರುಗಿ, "ಅಷ್ಟು ಹೇಳೋಕೇನಾಗಿತ್ತೇ ನಿನಗೆ?" ಎಂದಳು. ಹುಡುಗಿ ನೆಲ ನೋಡುತ್ತಿದ್ದಳು. ಹೊರಡಲು ತಿರುಗಿದ ತಾಯಿ ಮತ್ತೆ ನಿಂತಳು. "ಸರ್, ನನಗೆ ಓದೋಕೆ ಬರಲ್ಲ. ಮೊನ್ನೆ ಹೇಳಿದ್ಲಲ್ಲ, ಆ ಗಡಿಯಾರದ ಪುಸ್ತಕ, ಅದನ್ನ ಒಂದು ಸಲ ಕೈಯಲ್ಲಿ ಹಿಡ್ಕೊಂಡು ನೋಡ್ತೀನಿ. ನನ್ನ ಮಗಳು ಓದಿದ್ದಲ್ವಾ."

ಕೊಡುವುದಿಲ್ಲ ಎನ್ನಲು ಯಾವ ನೆಪವೂ ಹೊಳೆಯಲಿಲ್ಲ. ಮೂರನೇ ಬೀರು ತೆರೆದೆ. ಬೀಗದ ಸದ್ದಿಗೆ ಹುಡುಗಿ ತಲೆ ಎತ್ತಿದಳು. ಹಸಿರು ರಟ್ಟಿನ ಪುಸ್ತಕ ತಾಯಿಯ ಕೈಗಿಟ್ಟೆ. ಅವಳು ಅಂಗೈಯನ್ನು ಸೀರೆಗೆ ಒರೆಸಿಕೊಂಡು, ಎರಡೂ ಕೈಯಲ್ಲಿ ಹಿಡಿದು, ರಟ್ಟು ಸವರಿ, ನಡುವೆ ತೆರೆಯಲು ನೋಡಿದಳು. ಹಾಳೆಗಳು ಬಿಡಿಸಿಕೊಳ್ಳಲಿಲ್ಲ. ಹಳೆಯ ಕಾಲದ ಅಚ್ಚು. ಹಾಳೆಗಳನ್ನು ಮಡಚಿ ಹೊಲಿದಿದ್ದರು, ಅಂಚು ಕತ್ತರಿಸಿರಲಿಲ್ಲ. ಚಾಕುವಿನಿಂದ ಅಂಚು ಸೀಳದೆ ಪುಟ ಬಿಡಿಸಿ ಓದಲು ಬರುವಂತಿರಲಿಲ್ಲ. ಆ ಸಂಗತಿ ನನಗೇ ಗೊತ್ತಿರಲಿಲ್ಲ.

ತಾಯಿ ಬೆರಳ ತುದಿಯಿಂದ ಆ ಅಂಚನ್ನು ಮೇಲಿಂದ ಕೆಳಗಿನವರೆಗೆ ನಿಧಾನವಾಗಿ ಸವರಿದಳು. "ಅಕ್ಷರ ಬರಲ್ಲ ಸರ್ ನನಗೆ, ಮಡಿಕೆ ಗೊತ್ತಾಗುತ್ತೆ. ದಿನಕ್ಕೆ ಇನ್ನೂರು ಮಡಚ್ತೀನಿ. ಇದನ್ನ ಯಾರೂ ಬಿಚ್ಚೇ ಇಲ್ಲ."

ಅವಳ ಮುಖದಿಂದ ಆ ಹೆಮ್ಮೆ ಇಳಿದುಹೋದದ್ದನ್ನು ನಾನು ಕಣ್ಣಾರೆ ನೋಡಿದೆ. ಪುಸ್ತಕವನ್ನು ಮೇಜಿನ ಮೇಲಿಟ್ಟು ಮಗಳ ಕಡೆ ತಿರುಗಿದಳು. "ಅಷ್ಟು ಜನರ ಮುಂದೆ ಸುಳ್ಳು ಹೇಳಿದ್ಯಾ? ನಾನು ಅಲ್ಲಿ ಕೂತು ಅಳ್ತಿದ್ದೆ ಕಣೇ!" ಎನ್ನುತ್ತ ಕೈ ಎತ್ತಿದಳು. ಹುಡುಗಿ ತಪ್ಪಿಸಿಕೊಳ್ಳಲಿಲ್ಲ. ಆಗಲೂ ನನ್ನ ಹೆಸರು ಹೇಳಲಿಲ್ಲ. ಕಣ್ಣು ಮುಚ್ಚಿಕೊಂಡು ನಿಂತಳು.

"ಹೊಡೀಬೇಡಿ ಅಮ್ಮ. ಸುಳ್ಳು ಅವಳದ್ದಲ್ಲ, ನನ್ನದು."

ಆಮೇಲೆ ಎಲ್ಲ ಹೇಳಿದೆ. ಮೂರು ಪೆನ್ನಿನ ವಿಷಯ, ಠಸ್ಸೆಯ ವಿಷಯ, ಒಳಗೆ ಬಿಡುವುದಿಲ್ಲ ಎಂದು ಹೆದರಿಸಿದ ವಿಷಯ. ಭೂಮಿ ಬಾಯಿಬಿಟ್ಟು ನುಂಗಿದ್ದರೆ ಚೆನ್ನಾಗಿತ್ತು ಎಂದು ಜನ ಯಾಕೆ ಅನ್ನುತ್ತಾರೆಂದು ಆ ಮೇಜಿನ ಹಿಂದೆ ನಿಂತು ನನಗೆ ಅರ್ಥವಾಯಿತು. ತಾಯಿ ಎತ್ತಿದ ಕೈ ಹಾಗೇ ಇಳಿದು ಮಗಳ ಊದಿದ ಕೆನ್ನೆಯ ಮೇಲೆ ಕುಳಿತಿತು.

"ನನಗ್ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಇಲ್ಲಿಗೆ ಬಿಡಲ್ಲ ಅಂದಿದ್ರು" ಎಂದಳು ಹುಡುಗಿ.

"ಬೀಗ ಹಾಕಿದ ಬೀರು ನೋಡೋಕೆ ಯಾಕೆ ಬರ್ಬೇಕಿತ್ತು ಇಲ್ಲಿಗೆ?"

"ಹೆಸರು ಓದ್ತಿದ್ದೆ ಅಮ್ಮ. ಪುಸ್ತಕಗಳ ಬೆನ್ನ ಮೇಲೆ ಇರುತ್ತಲ್ಲ. ಓದಿ, ಒಳಗೆ ಏನಿರಬಹುದು ಅಂತ ಅಂದ್ಕೊತಿದ್ದೆ. ಮೂರನೇ ಬೀರು ಪೂರ್ತಿ ಆಗಿದೆ."

ಮನೇಲಿ ಕನ್ನಡಿ ಇಲ್ವಾ ಎಂದು ಕೇಳಿದ್ದೆನಲ್ಲ, ಆ ಮಾತು ತಿರುಗಿ ಬಂದು ನನ್ನ ಮುಖಕ್ಕೇ ಬಡಿಯಿತು. ತಾಯಿ ನನಗೆ ಬೈಯಲಿಲ್ಲ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಬಾಗಿಲವರೆಗೆ ಹೋಗಿ, "ಹೊಡೆದುಬಿಟ್ಟೆನಲ್ಲ ಸರ್ ನಾನು. ಅದನ್ನ ಯಾವ ರಿಜಿಸ್ಟರಲ್ಲಿ ವಾಪಸ್ ಬರ್ಕೋತೀರಿ?" ಎಂದು ಕೇಳಿದಳು. ಮಗಳ ಕೈ ಹಿಡಿದು ಮೆಟ್ಟಿಲಿಳಿದಳು.

ನಾನು ಕೆಳಗಿಳಿದು ಹೋಗಿ ಹೆಡ್‌ಮಿಸ್ ಮೇಜಿನ ಮೇಲೆ ಗೊಂಚಲು ಇಟ್ಟು ವಿಷಯ ಹೇಳಿದೆ. ಅವರು ಪೂರ್ತಿ ಕೇಳಿ, "ಇಲಾಖೆಗೆ ನಾನು ಬರೀತೀನಿ, ಅವರು ಏನು ಮಾಡ್ತಾರೋ ನೋಡೋಣ. ಆದ್ರೆ ಆ ಹುಡುಗಿಯನ್ನ ನೀವು ಎಲ್ಲರ ಮುಂದೆ ನಿಲ್ಲಿಸಿದ್ದೀರಿ. ನಾಳೆ ಬೆಳಿಗ್ಗೆ ಎಲ್ಲರ ಮುಂದೆ ನೀವು ನಿಲ್ಲಿ" ಅಂದರು. ಬೀಗದಕೈ ವಾಪಸು ನನ್ನ ಕಡೆಗೇ ತಳ್ಳಿದರು. "ಇದನ್ನ ತಗೊಳ್ಳಿ. ತೆಗೆಯೋ ಕೆಲಸವೂ ನಿಮ್ಮದೇ."

ಮಂಗಳವಾರ ಆರುನೂರು ಮಕ್ಕಳ ಸಾಲಿನ ಮುಂದೆ ನಿಂತೆ. ರಾತ್ರಿಯೇ ಚೀಟಿಯಲ್ಲಿ ಬರೆದುಕೊಂಡಿದ್ದೆ, ಅದು ಜೇಬಿನಲ್ಲೇ ಉಳಿಯಿತು. "ಚಾರ್ಟಿನಲ್ಲಿರೋದು ಸುಳ್ಳು. ಬರೆದದ್ದು ನಾನು. ಆ ಹುಡುಗಿ ಯಾವ ತಪ್ಪೂ ಮಾಡಿಲ್ಲ. ಇವತ್ತಿನಿಂದ ಬೀರುಗಳಿಗೆ ಬೀಗ ಇಲ್ಲ" ಎಂದಷ್ಟೇ ಬಾಯಿಗೆ ಬಂತು. ಕಿಸಕ್ಕೆಂದು ಯಾರೋ ನಕ್ಕರು. ನಗಲಿ ಅನ್ನಿಸಿತು. ಮನೆಯಲ್ಲಿ ಹೇಳಿದಾಗ ಹೆಂಡತಿ ಹಂಗಿಸಲಿಲ್ಲ, ಅದು ಇನ್ನೂ ಕಷ್ಟವಾಯಿತು.

ಮಧ್ಯಾಹ್ನ ಮಕ್ಕಳು ನುಗ್ಗಿದರು. ಮೊದಲು ಬೀಗವಿಲ್ಲದ ಬೀರು ನೋಡಲು ಬಂದರು, ಆಮೇಲೆ ಪುಸ್ತಕ ಎಳೆದರು. ಜೋಡಿಸಿದ್ದೆಲ್ಲ ತಲೆಕೆಳಗಾಯಿತು. ಆರನೇ ದಿನ ಒಂದು ಪುಸ್ತಕದ ರಟ್ಟು ಕಿತ್ತು ಬಂತು, ಎಂಟನೇ ದಿನ ಇನ್ನೊಂದು ಎಲ್ಲಿ ಹೋಯಿತೋ ಸಿಗಲೇ ಇಲ್ಲ. ಹೊಟ್ಟೆ ಉರಿಯಿತು, ಸುಳ್ಳು ಹೇಳುವುದಿಲ್ಲ. ಆದರೆ ನನ್ನ ಕಣ್ಣು ಊಟದ ಬಿಡುವಿನಲ್ಲಿ ಹುಡುಕುತ್ತಿದ್ದದ್ದು ಅವಳನ್ನು. ಬೀಗ ಇದ್ದಾಗ ದಿನಾ ಬರುತ್ತಿದ್ದವಳು ಬೀಗ ತೆಗೆದ ಮೇಲೆ ಬರಲಿಲ್ಲ. ಮೆಟ್ಟಿಲ ಮೇಲೆ ಎದುರಾದರೆ ಗೋಡೆ ಬದಿಗೆ ಸರಿದು ಹೋಗುತ್ತಿದ್ದಳು. ಮಾತಾಡಿಸಲು ನನಗೆ ಮುಖವಿರಲಿಲ್ಲ.

ಒಂಬತ್ತನೇ ದಿನ ಬಂದಳು. ನೇರ ಮೂರನೇ ಬೀರುವಿಗೆ ಹೋಗಿ, ಗಾಜಿನ ಬಾಗಿಲು ತೆರೆದು, ಹಸಿರು ರಟ್ಟಿನ ಪುಸ್ತಕವನ್ನೇ ತೆಗೆದು ತಂದು ಮೇಜಿನ ಮೇಲಿಟ್ಟಳು.

"ಆವತ್ತೇ ನಾನು ಅಂಚು ಸೀಳಿ ಓದಿದೆ. ಇದು ಕಥೆಯಲ್ಲಮ್ಮ. ಯಾರೋ ಗಡಿಯಾರ ರಿಪೇರಿಯವರು ತಮ್ಮ ಕೆಲಸದ ಬಗ್ಗೆ ಬರೆದದ್ದು. ಬರೀ ಸ್ಪ್ರಿಂಗು, ಎಣ್ಣೆ" ಎಂದೆ. "ನಿನ್ನ ಅಜ್ಜಿ ಇದರಲ್ಲಿ ಇಲ್ಲ."

"ಇರ್ಲಿ ಸರ್. ಅಮ್ಮ ಓದಿ ಹೇಳು ಅಂದಿದ್ದಾಳೆ."

ಹಿಂದಿನ ಜೇಬಿನಿಂದ ಕಾರ್ಡು ತೆಗೆದು ಅವಳ ಮುಂದಿಟ್ಟೆ. ಅದರ ಮೇಲೆ ಒಂದೇ ಸಾಲು ಇತ್ತು. ಅವಳ ಹೆಸರು, ಅವಳ ತರಗತಿ, ಎಡಕ್ಕೆ ವಾಲಿಸಿ ಬರೆದ ಸಹಿ. ಅವಳು ಅದನ್ನು ಬಹಳ ಹೊತ್ತು ನೋಡಿದಳು. ಕ್ಷಮಿಸಮ್ಮ ಅನ್ನಬೇಕೆಂದು ನಾನು ಬಾಯಿ ತೆರೆಯುವಷ್ಟರಲ್ಲಿ, "ನನ್ನ ಸಹಿ ಹೀಗಿರಲ್ಲ ಸರ್" ಎಂದಳು.

ಪೆನ್ನು ಕೊಟ್ಟೆ. ನಾನು ಬರೆದದ್ದರ ಕೆಳಗಿನ ಸಾಲಿನಲ್ಲಿ ಅವಳು ನಿಧಾನವಾಗಿ ಹೆಸರು, ತರಗತಿ ಬರೆದು ಸಹಿ ಹಾಕಿದಳು. ಮೂವತ್ತೆಂಟು ಸಲ ನಾನು ಹಾಕಿದ್ದ ಆ ಸಹಿ ನಿಜಕ್ಕೂ ಹೇಗಿರುತ್ತದೆಂದು ಆಗ ಮೊದಲ ಸಲ ನೋಡಿದೆ.